ಗೆರೆಯ ಮೇಲೆ ಬಿದ್ದ ಓಟು

ನಮ್ಮೂರಿನಲ್ಲಿ ಸತ್ತವರ ಬಗ್ಗೆ ಹೇಳಬಹುದಾದ ಅತಿ ದೊಡ್ಡ ಹೊಗಳಿಕೆ ಒಂದೇ: "ಪುಣ್ಯಾತ್ಮ, ಟಿಕೆಟ್ ಹರಿಸದೆ ಹೋದ." ಹಾಗೆ ಹೋದವರ ಎದೆಯ ಮೇಲೆ ಆ ಇಡೀ ಟಿಕೆಟ್ಟನ್ನು ಇಟ್ಟು, ಊರೆಲ್ಲ ನೋಡುವಂತೆ ಮೆರವಣಿಗೆ ಮಾಡುತ್ತಾರೆ. ಟಿಕೆಟ್ ಎಂದರೆ ಹಿಂಬಸ್ಸಿನ ಟಿಕೆಟ್. ನಾಮಕರಣದ ದಿನ ಪುರಸಭೆಯವರು ಬಂದು ತೊಟ್ಟಿಲಿಗೆ ಒಂದನ್ನು ಕಟ್ಟಿ, ಚಿರೋಟಿ ತಿಂದು ಹೋಗುತ್ತಾರೆ. ಒಬ್ಬರಿಗೆ ಒಂದೇ ಟಿಕೆಟ್, ಒಂದೇ ಸಲ. ಮಧ್ಯಾಹ್ನ ನಾಲ್ಕಕ್ಕೆ ಹಳೇ ಬಸ್ ಸ್ಟ್ಯಾಂಡಿನ ಹಿಂಬದಿಯಿಂದ ಹೊರಡುವ ಆ ಬಸ್ಸು ರಿವರ್ಸ್ ಗೇರಿನಲ್ಲೇ ಊರು ಸುತ್ತಿ, ನೀವು ಕೇಳಿದ ದಿನದ ಬೆಳಗ್ಗೆ ನಿಮ್ಮ ಮನೆ ಬಾಗಿಲಲ್ಲಿ ಇಳಿಸುತ್ತದೆ. ಎಂಟು ದಿನಕ್ಕಿಂತ ಹಿಂದೆ ಹೋಗುವುದಿಲ್ಲ. ಅಲ್ಲಿಂದಾಚೆ ರಸ್ತೆ ಸರಿಯಿಲ್ಲ ಎಂದು ಡ್ರೈವರು ಹೇಳುತ್ತಾನೆ. ಹಾಗೆ ಬಂದಿಳಿದವರು ಹರಿದ ಅರ್ಧ ಟಿಕೆಟ್ಟನ್ನು ಎದೆಗೆ ಪಿನ್ನು ಹಾಕಿಕೊಂಡು ಓಡಾಡಬೇಕು. ಅವರನ್ನು ಯಾರೂ ಏನೂ ಕೇಳುವಂತಿಲ್ಲ, ಅವರು ಯಾರಿಗೂ ಏನೂ ಹೇಳುವಂತಿಲ್ಲ. ಉಳಿದವರಿಗೆ ಹೋದ ವಾರದ ನೆನಪು ಇರುವುದಿಲ್ಲ, ಏಕೆಂದರೆ ಅವರ ಪಾಲಿಗೆ ಅದು ಇನ್ನೂ ಬಂದೇ ಇರುವುದಿಲ್ಲ.

ವಯಸ್ಸಿನ ದುಡುಕಿನಲ್ಲಿ ಕೆಲವರು ಹರಿಸಿಬಿಡುವುದುಂಟು. ಪಾತ್ರೆ ಅಂಗಡಿಯ ಬೋರಣ್ಣ ಒಂದು ಮದುವೆಯ ಹೋಳಿಗೆಯನ್ನು ಎರಡನೇ ಸಲ ತಿನ್ನಲೆಂದೇ ಹೋಗಿಬಂದ. ಅರವತ್ತಾದರೂ ಊರು ಅವನನ್ನು ಹೋಳಿಗೆ ಬೋರಣ್ಣ ಎಂದೇ ಕರೆಯುತ್ತದೆ. ಬುದ್ಧಿಯಿರುವವರು ದೊಡ್ಡ ಆಪತ್ತಿಗೆಂದು ಇಟ್ಟುಕೊಂಡಿರುತ್ತಾರೆ. ಮಗು ಬಾವಿಗೆ ಬಿದ್ದರೆ, ಗಂಡ ಹಾವು ತುಳಿದರೆ ಬೇಕಾಗುತ್ತದಲ್ಲ. ನಮ್ಮ ಅತ್ತೆ ಸಿದ್ಧಮ್ಮನವರಿಗೆ ಎಂಬತ್ತೊಂದು. ಅವರ ಟಿಕೆಟ್ಟಿಗೆ ಇನ್ನೂ ಒಂದು ಮಡಿಕೆ ಕೂಡ ಬಿದ್ದಿಲ್ಲ. ಬಂದವರಿಗೆಲ್ಲ ಕಾಫಿಗಿಂತ ಮೊದಲು ಅದನ್ನೇ ತೋರಿಸುತ್ತಾರೆ.

ನಾನು ತುಂಗಮ್ಮ. ಮಾರ್ಕೆಟ್ಟಿನ ಪಕ್ಕ ಹಿಟ್ಟಿನ ಗಿರಣಿ ನಡೆಸುತ್ತೇನೆ. ನಮ್ಮ ಯಜಮಾನರು ಶಿವನಂಜಪ್ಪನವರು ಆ ವರ್ಷ ಪುರಸಭೆಯ ಅಧ್ಯಕ್ಷಗಿರಿಗೆ ನಿಂತರು. ಒಳ್ಳೆಯ ಮನುಷ್ಯ. ಕೇಳಿದವರಿಗೆಲ್ಲ ಹೂಂ ಅನ್ನುತ್ತಾರೆ, ಅದೇ ಅವರ ದೋಷ. ನಾಲ್ಕು ಜನ ಸೇರಿ ನಿಲ್ಲಿ ಎಂದರು, ಹೂಂ ಎಂದರು. ಊರ ಬಾಗಿಲಿಗೊಂದು ಕಮಾನು ಕಟ್ಟಿಸಿ ಎಂದರು, ಅದಕ್ಕೂ ಹೂಂ ಎಂದರು. ಅವರ ಗುರುತು ಕೊಡೆ. ಎದುರು ನಿಂತವಳು ಕಮಲಾಕ್ಷಿ, ರಿಟೈರಾದ ನರ್ಸು, ಮೂವತ್ತು ವರ್ಷದಿಂದ ನನ್ನ ಜೀವದ ಗೆಳತಿ. ಅವಳ ಗುರುತು ಮೊರ. ಬೀಗ ಬಿದ್ದಿರುವ ಹೆರಿಗೆ ವಾರ್ಡು ತೆರೆಸುತ್ತೇನೆ, ಎರಡು ಮಂಚ ಹಾಕಿಸುತ್ತೇನೆ ಎನ್ನುವುದು ಅವಳ ಒಂದೇ ಮಾತು. ಆ ವಾರ್ಡಿಗೆ ಬೀಗ ಬಿದ್ದ ವರ್ಷವೇ ನನ್ನ ಮಗಳು ಸುಜಾತ ಹುಟ್ಟಿದ್ದು, ನನ್ನ ಗಿರಣಿಯಲ್ಲಿ, ರಾಗಿ ಮೂಟೆಗಳ ಮೇಲೆ. ಹಿಡಿದುಕೊಂಡವಳು ಕಮಲಾಕ್ಷಿ. ಮೈತುಂಬ ಹಿಟ್ಟಾಗಿದ್ದ ಕೂಸನ್ನು ನೋಡಿ, "ಕಡುಬು ಹೆತ್ತಿದೀಯಲ್ಲೇ!" ಎಂದು ನಕ್ಕಿದ್ದಳು.

ಚುನಾವಣೆಯ ಭಾನುವಾರ ಬೆಳಗ್ಗೆ ಯಜಮಾನರು ಹೊಸ ಬಿಳಿ ಅಂಗಿ ತೊಟ್ಟು ಕನ್ನಡಿ ಮುಂದೆ ಹತ್ತು ನಿಮಿಷ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ತುಂಗಾ, ಅಧ್ಯಕ್ಷ ಅನ್ನೋ ಹಾಗಿದೀನಾ?" ಎಂದು ಕೇಳಿದರು. ಇಪ್ಪತ್ತಾರು ವರ್ಷದಲ್ಲಿ ಆ ಮನುಷ್ಯ ತನಗಾಗಿ ಏನನ್ನಾದರೂ ಆಸೆಪಟ್ಟಿದ್ದನ್ನು ನಾನು ನೋಡಿರಲಿಲ್ಲ. ಸ್ಕೂಲಿಗೆ ಹೋಗಿ, ಓಟಿನ ಚೀಟಿ ಹಿಡಿದು, ಪರದೆಯ ಹಿಂದೆ ನಿಂತೆ. ಕೊಡೆಯೂ ಮೊರವೂ ಅಕ್ಕಪಕ್ಕದಲ್ಲೇ ಇದ್ದವು, ನಡುವೆ ಒಂದು ಗೆರೆ. ಮುದ್ರೆಯನ್ನು ಮೊರದ ಮೇಲೆ ಒಯ್ದರೆ ಬಿಳಿ ಅಂಗಿ ನೆನಪಾಗುತ್ತಿತ್ತು, ಕೊಡೆಯ ಮೇಲೆ ಒಯ್ದರೆ ರಾಗಿ ಮೂಟೆ. ಹೊರಗಿಂದ ಯಾರೋ, "ಏನಮ್ಮಾ, ಒಳಗೆ ಬೀಸ್ತಿದೀಯಾ?" ಎಂದು ಕೂಗಿದರು. ಗಾಬರಿಯಲ್ಲಿ ಕೈ ಕೆಳಗಿಳಿಯಿತು. ಮುದ್ರೆ ಸರಿಯಾಗಿ ಗೆರೆಯ ಮೇಲೆ ಕೂತಿತು.

ಒಂದು ಓಟಿನಿಂದ ಏನಾದೀತು ಎಂದುಕೊಂಡು ಮನೆಗೆ ಬಂದೆ. ಸಂಜೆ ಎಣಿಸಿದಾಗ ಕೊಡೆಗೆ ಆರುನೂರ ಹನ್ನೊಂದು, ಮೊರಕ್ಕೂ ಆರುನೂರ ಹನ್ನೊಂದು, ಗೆರೆಯ ಮೇಲೆ ಒಂದು.

ಆ ವಾರ ನಮ್ಮೂರು ಎರಡು ಹೋಳಾಯಿತು. ಚುನಾವಣೆ ನಡೆಸಿದ ಹೆಡ್‌ಮಾಸ್ಟರು ಅನಂತಪದ್ಮಯ್ಯನವರು ಗೆರೆಯ ಮೇಲೆ ಮುದ್ರೆ ಬಿದ್ದ ಆ ಚೀಟಿಯನ್ನು ಗಾಜಿನ ಚೌಕಟ್ಟಿಗೆ ಹಾಕಿಸಿ ಸ್ಕೂಲಿನ ಹಾಲಿನಲ್ಲಿ ನೇತುಹಾಕಿದರು. ಜನ ಸಾಲುಗಟ್ಟಿ ನೋಡಿ ಬಂದರು. ಕಂಪಾಸ್ ಪೆಟ್ಟಿಗೆ ತರಿಸಿ ಅಳೆದದ್ದೂ ಆಯಿತು. ಮುದ್ರೆ ಕೊಡೆಯ ಕಡೆಗೆ ಎಷ್ಟಿತ್ತೋ ಮೊರದ ಕಡೆಗೂ ಅಷ್ಟೇ ಇತ್ತು. ನನ್ನ ಗಿರಣಿಯ ಮುಂದೆ ಎರಡು ಸಾಲುಗಳಾದವು. ಮೊರದವರ ರಾಗಿ ಬೀಸಿದ ಕಲ್ಲನ್ನು ತೊಳೆಯದೆ ನಮ್ಮ ರಾಗಿ ಹಾಕಬೇಡ ಎಂದು ಕೊಡೆಯ ಹೆಂಗಸರು ಹಟ ಹಿಡಿದರು. "ನನ್ನ ಟಿಕೆಟ್ ಹರಿಸಿಯಾದರೂ ಸರಿಮಾಡ್ತೀನಿ" ಎಂದು ಎದೆ ತಟ್ಟಿಕೊಂಡವರು ಎರಡು ಕಡೆಯೂ ಕಡಿಮೆಯೆಂದರೆ ಐವತ್ತು ಜನ ಇದ್ದರು. ಎಂದೂ ತಪ್ಪದ ಮಂಗಳವಾರದ ಬಜ್ಜಿಗೆ ಕಮಲಾಕ್ಷಿ ಬರಲಿಲ್ಲ. ಬೀದಿಯಲ್ಲಿ ಎದುರಾದರೆ ಆಚೆ ಬದಿಗೆ ದಾಟುತ್ತಿದ್ದಳು. ಮನೆಯಲ್ಲಿ ಯಜಮಾನರು ತಟ್ಟೆಯ ಮುಂದೆ ಕೂತು, "ಬೆನ್ನುಮೂಳೆ ಇಲ್ದೋನು. ಆ ಕೈಗೆ ಕಜ್ಜಿ ಹತ್ತ!" ಎಂದು ಶಪಿಸುತ್ತಿದ್ದರು. ಅದೇ ಕೈಯಲ್ಲಿ ನಾನು ಸಾರು ಬಡಿಸುತ್ತಿದ್ದೆ. ಬಾಯಿ ಬಿಟ್ಟರೆ ಗಂಡನೂ ಹೋಗುತ್ತಾನೆ, ಗೆಳತಿಯೂ ಹೋಗುತ್ತಾಳೆ ಎಂದು ಸುಮ್ಮನಿದ್ದೆ.

ಶುಕ್ರವಾರ ಹೆಡ್‌ಮಾಸ್ಟರು ಸೋಮವಾರ ಚೀಟಿ ಎತ್ತುವುದಾಗಿ ಸಾರಿದರು. ಸೋತವರು ಒಪ್ಪುವುದಿಲ್ಲವೆಂದು ಎರಡು ಕಡೆಯವರೂ ಮುಂಚಿತವಾಗಿಯೇ ಹೇಳಿದರು. ಆ ರಾತ್ರಿಯ ಊಟ ಯಾರಿಗೂ ಸೇರಲಿಲ್ಲ. ಶನಿವಾರ ಮಧ್ಯಾಹ್ನ ಗಿರಣಿಯ ಬೆಲ್ಟು ಹರಿದಿದೆ ಎಂದು ಸುಳ್ಳು ಹೇಳಿ, ಟ್ರಂಕಿನ ತಳದಿಂದ ನನ್ನ ಟಿಕೆಟ್ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೆ. ನಡೆಯುತ್ತಾ ನಡೆಯುತ್ತಾ ಅಳು ಬಂತು. ನಾಳೆ ಸುಜಾತಳಿಗೆ ಏನಾದರೂ ಆದರೆ ಏನು ಮಾಡಲಿ? ಆದರೂ ಕಾಲು ನಿಲ್ಲಲಿಲ್ಲ.

ಬಸ್ಸು ಖಾಲಿ. ಟಿಕೆಟ್ ಹರಿಸುತ್ತೇವೆಂದು ಕೂಗಿದ ನೂರು ಜನರಲ್ಲಿ ಒಂದು ನರಪಿಳ್ಳೆಯೂ ಅಲ್ಲಿರಲಿಲ್ಲ. ಕಂಡಕ್ಟರ್ ರಾಚಯ್ಯ ನನ್ನ ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ.

"ಯಾವ ದಿನಕ್ಕಕ್ಕಾ?"

"ಹೋದ ಭಾನುವಾರ."

"ಯೋಚ್ನೆ ಮಾಡಿ. ಹರಿದ ಮೇಲೆ ಅಂಟ್ಸಕ್ಕಾಗಲ್ಲ."

"ಆರು ದಿನದಿಂದ ಅದನ್ನೇ ಮಾಡಿದೀನಪ್ಪ, ಹರಿ."

ಚರ್ರೆಂದು ಹರಿದ. ಅರ್ಧ ತನ್ನ ಚೀಲಕ್ಕೆ ಹಾಕಿಕೊಂಡು, ಅರ್ಧ ನನಗೆ ಪಿನ್ನಿನ ಜೊತೆ ಕೊಟ್ಟ. ನಾನು ಹಿಂದಿನ ಸೀಟಿನಲ್ಲಿ ಸೆರಗು ಹೊದ್ದು ಕೂತೆ. ಸ್ವಲ್ಪ ಹೊತ್ತಿಗೆ ಆ ಸುಡುಬಿಸಿಲಿನಲ್ಲಿ ಮಂಕಿ ಟೋಪಿ ಹಾಕಿ, ಶಾಲು ಹೊದ್ದ ಗಂಡಸೊಬ್ಬ ಹತ್ತಿ ಮುಂದಿನ ಸೀಟಿನಲ್ಲಿ ಮುದುಡಿ ಕೂತ. ಅವನ ಹಿಂದೆಯೇ ಮೂಗಿನವರೆಗೂ ಸೆರಗೆಳೆದುಕೊಂಡ ಹೆಂಗಸೊಬ್ಬಳು ಬಂದು ನಡುವಿನ ಸೀಟು ಹಿಡಿದಳು. ಇಬ್ಬರೂ ಪಿಸುಗುಟ್ಟಿದ್ದು ಒಂದೇ: ಹೋದ ಭಾನುವಾರ.

ರಾಚಯ್ಯನಿಗೆ ಗುಟ್ಟು ಎಂದರೇನೆಂದು ಹುಟ್ಟಿನಿಂದಲೇ ಗೊತ್ತಿಲ್ಲ. ಡ್ರೈವರಿಗೆ ಕೂಗಿ ಹೇಳಿದ: "ರೈಟ್! ಮೂರು ಜನಕ್ಕೂ ಒಂದೇ ಸ್ಟಾಪು. ಗಿರಣಿ ತುಂಗಕ್ಕ, ಅವರ ಯಜಮಾನ್ರು ಶಿವನಂಜಪ್ಪನೋರು, ನರ್ಸಮ್ಮ ಕಮಲಾಕ್ಷಿ!"

ಮಂಕಿ ಟೋಪಿ ಗಕ್ಕನೆ ತಿರುಗಿತು. ಸೆರಗು ಸರಿಯಿತು. ಮೂವರೂ ಒಬ್ಬರನ್ನೊಬ್ಬರು ನೋಡಿದೆವು.

"ನಿನ್ನ ಗಿರಣಿ ಬೆಲ್ಟು?" ಎಂದರು ಯಜಮಾನರು.

"ನಿಮ್ಮ ಹಲ್ಲು ನೋವು?" ಎಂದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿ ಬಂದಿದ್ದರು.

ಮೊದಲು ನಕ್ಕವಳು ಕಮಲಾಕ್ಷಿ. ಆಮೇಲೆ ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಬಸ್ಸು ಹಿಂದಕ್ಕೆ ಹೊರಟಿತು.

ನಗು ಇಳಿದ ಮೇಲೆ ಕಮಲಾಕ್ಷಿ ಸೀಟಿನ ಕಂಬಿ ಹಿಡಿದುಕೊಂಡು, "ನನಗೆ ನಾಚ್ಕೆಯಾಗತ್ತೆ, ಆದ್ರೂ ಹೇಳ್ತೀನಿ," ಎಂದಳು. ಸ್ಪರ್ಧಿಗಳು ತಮಗೆ ತಾವೇ ಓಟು ಹಾಕಿಕೊಳ್ಳುವುದು ನಮ್ಮೂರಲ್ಲಿ ಮಹಾ ಅವಮಾನ, ಪಂಕ್ತಿಯಲ್ಲಿ ಕೂತು ತನ್ನ ಎಲೆಗೆ ತಾನೇ ಬಡಿಸಿಕೊಂಡ ಹಾಗೆ. ತಲೆತಲಾಂತರದಿಂದ ಎದುರಾಳಿಗೇ ಹಾಕುವುದು ಪದ್ಧತಿ. "ನಾನು ಪದ್ಧತಿ ಪ್ರಕಾರ ನಿಮ್ಗೇ ಹಾಕಿದ್ದೆ, ಅಣ್ಣಾ. ಈ ಸಲ ನನಗೇ ಹಾಕ್ಕೋತೀನಿ. ಊರು ಉಗುದ್ರೂ ಸರಿ, ಆ ವಾರ್ಡು ತೆಗೀಬೇಕು."

ಯಜಮಾನರು ಮಂಕಿ ಟೋಪಿ ಕಿತ್ತು ಬೆವರು ಒರೆಸಿಕೊಂಡರು. "ನಾನೂ ಅದಕ್ಕೇ ಬಂದಿದ್ದು ಕಣಮ್ಮಾ. ನಿನಗೆ ಹಾಕಿದ್ದನ್ನ ನನಗೆ ಹಾಕ್ಕೊಳ್ಳೋಣ ಅಂತ. ಒಂದೇ ಒಂದು ಸಲ ಗೆಲ್ಲೋಣ ಅನ್ನಿಸ್ತು." ಆಮೇಲೆ ನನ್ನ ಕಡೆ ನೋಡಿದರು. "ನೀನ್ಯಾಕೆ ಬಂದೆ? ನೀನು ಸರಿಯಾಗೇ ಹಾಕಿದ್ಯಲ್ಲ?"

ಸುಳ್ಳು ಹೇಳಲು ಬಾಯಿ ತೆರೆದೆ, ಬಂದದ್ದು ನಿಜ. "ಗೆರೆ ಮೇಲೆ ಒತ್ತಿದ್ದು ನಾನೇ."

ಆ ಮುಖವನ್ನು ನಾನು ಮರೆಯುವುದಿಲ್ಲ. ಕೋಪ ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸುಮ್ಮನೆ ನನ್ನ ಕೈಯನ್ನೇ ನೋಡಿದರು. "ವಾರವೆಲ್ಲ ಬೈದ್ನಲ್ಲೇ," ಎಂದರು ಕೊನೆಗೆ. "ಒಂದು ಮಾತು ಹೇಳ್ಬಾರ್ದಾಗಿತ್ತಾ?" "ಹಾಗಾದ್ರೆ ಈ ಸಲ ಯಾರಿಗೆ?" ಎಂದೂ ಕೇಳಿದರು. ನಾನು ಕಿಟಕಿಯ ಕಡೆ ತಿರುಗಿದೆ.

"ಕೇಳ್ಬೇಡಿ ಅಣ್ಣಾ," ಎಂದಳು ಕಮಲಾಕ್ಷಿ. "ನಾನೂ ಕೇಳಲ್ಲ. ಪರದೆ ಹಾಕಿರೋದು ಅದಕ್ಕೇ ತಾನೆ."

ಬಸ್ಸು ಶುಕ್ರವಾರ ದಾಟಿತು, ಬುಧವಾರದ ಮಳೆಯಲ್ಲಿ ಹಿಂದಿನ ಗಾಜು ಒದ್ದೆಯಾಯಿತು, ಮಂಗಳವಾರ ಬಂದಾಗ ಕಮಲಾಕ್ಷಿ ನನ್ನ ಕಡೆ ತಿರುಗಿ, "ಬಜ್ಜಿ ತಪ್ಪೋಯ್ತು ನೋಡೇ," ಎಂದಳು. ಭಾನುವಾರ ಬೆಳಗಿನ ಆರು ಗಂಟೆಗೆ ನಮ್ಮನ್ನು ಮನೆ ಬಾಗಿಲಲ್ಲಿ ಇಳಿಸಿದರು.

ಅಂಗಳದಲ್ಲಿ ರಂಗೋಲಿ ಇಡುತ್ತಿದ್ದ ಅತ್ತೆ ತಲೆಯೆತ್ತಿದರು. ಮಗನ ಎದೆಯಲ್ಲಿ ಅರ್ಧ ಟಿಕೆಟ್ಟು, ಸೊಸೆಯ ಎದೆಯಲ್ಲಿ ಅರ್ಧ ಟಿಕೆಟ್ಟು. ರಂಗೋಲಿ ಬಟ್ಟಲು ಕೈಯಿಂದ ಜಾರಿತು. "ಇಬ್ರೂನಾ?" ಎಂದರು. ನಾವು ಹೇಳುವಂತಿಲ್ಲ, ಅವರು ಕೇಳುವಂತಿಲ್ಲ. ಅವರ ಕಣ್ಣು ಒಳಗೆ ಓಡಿತು. ಸುಜಾತ ಹಾಸಿಗೆಯಲ್ಲಿ ಗೊರಕೆ ಹೊಡೆಯುತ್ತಿರುವುದನ್ನು ನೋಡಿ, ಕೆನ್ನೆ ಮುಟ್ಟಿ, ಹೊರಗೆ ಬಂದರು. ಮೊಮ್ಮಗಳಿಗೆ ಏನೂ ಆಗಿಲ್ಲ, ಮಗ ಎದುರಿಗಿದ್ದಾನೆ, ಸೊಸೆ ಎದುರಿಗಿದ್ದಾಳೆ. ಮನೆಯಲ್ಲಿ ಇನ್ನುಳಿದವರು ಯಾರು? ಲೆಕ್ಕ ಹಾಕಿ ಮುಗಿಸಿದ ಅತ್ತೆ ಮೆಟ್ಟಿಲ ಮೇಲೆ ಕುಸಿದು ಕೂತರು.

"ಓಹೋ," ಎಂದರು. "ನಾನಾ."

ಆ ವಾರ ತಾನು ಸತ್ತುಹೋಗಿದ್ದೆನೆಂದು, ಮಗ ಸೊಸೆ ಇಬ್ಬರೂ ತಮ್ಮ ಟಿಕೆಟ್ ಹರಿಸಿ ತನ್ನನ್ನು ಉಳಿಸಿಕೊಳ್ಳಲು ಓಡಿಬಂದಿದ್ದಾರೆಂದು ಅವರು ತೀರ್ಮಾನಿಸಿಬಿಟ್ಟರು. ಅಲ್ಲ ಎನ್ನಲು ಪದ್ಧತಿ ಬಿಡದು. ಇಪ್ಪತ್ತಾರು ವರ್ಷ ನನ್ನ ಸಾರಿಗೆ ಉಪ್ಪು ಕಡಿಮೆ ಎಂದ ಬಾಯಿ ಅವತ್ತು, "ಎರಡನೇ ಸಲ ಹಾಕು ಮಗಳೇ, ಏನು ರುಚಿ!" ಎಂದಿತು. ನನ್ನನ್ನು ಎದುರಿಗೆ ಕೂರಿಸಿಕೊಂಡು ತಲೆ ಬಾಚಿದರು. ಯಜಮಾನರಿಗೂ ನನಗೂ ನಗು ತಡೆಯಲಾಗದೆ ಒಬ್ಬರು ಹಿತ್ತಿಲಿಗೆ, ಒಬ್ಬರು ಅಡುಗೆಮನೆಗೆ ಓಡಿದೆವು. ಮೆಟ್ಟಿಲು ಹತ್ತುವಾಗ, ಇಳಿಯುವಾಗ, ಕಾಫಿ ಕುಡಿಯುವಾಗ ಕೂಡ ಅತ್ತೆ ಅವತ್ತು ಬಹಳ ಹುಷಾರಾಗಿದ್ದರು.

ಸ್ಕೂಲಿನ ಮುಂದೆ ಸಾಲಿನಲ್ಲಿ ನಿಂತವರು ನಮ್ಮ ಎದೆಯ ಮೇಲಿನ ಚೂರುಗಳನ್ನು ನೋಡಿ ಗಪ್ಪಾದರು. ಇಬ್ಬರು ಸ್ಪರ್ಧಿಗಳು, ಜೊತೆಗೆ ಒಬ್ಬ ಸ್ಪರ್ಧಿಯ ಹೆಂಡತಿ. ಏನೋ ಭಾರಿ ಅನಾಹುತವೇ ನಡೆದಿರಬೇಕು ಎಂದು ಜಗಳಗಂಟರೂ ಕೈಕಟ್ಟಿ ನಿಂತರು. ಯಜಮಾನರು ಮೊದಲು ಒಳಗೆ ಹೋಗಿ ಬಂದರು. ಮುಖದಲ್ಲಿ ಏನೂ ಕಾಣಲಿಲ್ಲ. ಕಮಲಾಕ್ಷಿ ಕೆಂಪಗಾಗಿ ಬಂದಳು. ಆಮೇಲೆ ನಾನು ಹೋದೆ.

ಅದೇ ಪರದೆ, ಅದೇ ಕೊಡೆ, ಅದೇ ಮೊರ, ಅದೇ ಗೆರೆ. ನಾನು ಮರುಕಕ್ಕೆ ಓಟು ಹಾಕುವವಳಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬಿಳಿ ಅಂಗಿಯ ಆಸೆ ನನಗೆ ಗೊತ್ತು, ಆ ಆಸೆ ಮುರಿದರೆ ನನಗೂ ನೋವು. ಆದರೆ ಕಮಾನಿನ ಕೆಳಗೆ ಯಾರೂ ಹೆರಲು ಹೋಗುವುದಿಲ್ಲ. ರಾಗಿ ಮೂಟೆಯ ಮೇಲೆ ಇನ್ನೊಬ್ಬಳು ಒದ್ದಾಡಬಾರದು. ಮುದ್ರೆ ಹಿಡಿದು ಮೊರದ ನಟ್ಟನಡುವೆ, ಮೇಜು ಅಲ್ಲಾಡುವಂತೆ ಒತ್ತಿದೆ. ಹೊರಗೆ ಬಂದಾಗ ಕೈ ಹಗುರಾಗಿತ್ತು.

ಸಂಜೆ ಹೆಡ್‌ಮಾಸ್ಟರು ಮೇಜಿನ ಮೇಲೆ ಹತ್ತಿ ಓದಿದರು. "ಮೊರಕ್ಕೆ ಆರುನೂರ ಹದಿಮೂರು. ಕೊಡೆಗೆ ಆರುನೂರ ಹತ್ತು. ತಿರಸ್ಕೃತ ಒಂದೂ ಇಲ್ಲ." ತಕರಾರು ಎತ್ತಲು ಒಂದು ಎಳೆಯೂ ಸಿಗದೆ ಎರಡು ಕಡೆಯವರೂ ಮುಖ ಮುಖ ನೋಡಿಕೊಂಡರು. ಮೊರದವರ ತಮಟೆ ಶುರುವಾಯಿತು. ಯಜಮಾನರು ಕಮಲಾಕ್ಷಿಗೆ ಹಾರ ಹಾಕಿ, ಕೈ ಮುಗಿದು, ಮನೆಯ ದಾರಿ ಹಿಡಿದರು. ನಾನು ಹಿಂದೆ ಹಿಂದೆ ನಡೆದೆ.

ಗಿರಣಿಯ ಮುಂದಿನ ಕಲ್ಲು ಬೆಂಚಿನ ಮೇಲೆ ಕೂತರು. ನಾನು ನಿಂತೇ ಹೇಳಿದೆ: "ನಾನು ಮೊರಕ್ಕೆ ಹಾಕಿದೆ. ಇಟ್ಟುಕೊಂಡಿದ್ದ ಒಂದು ಟಿಕೆಟ್ಟನ್ನ ನಿಮ್ಮನ್ನ ಸೋಲಿಸೋಕೆ ಹರಿಸಿದ ಹಾಗಾಯ್ತು. ಏನು ಬೈತೀರೋ ಬೈದುಬಿಡಿ."

"ಅದು ಬಸ್ಸಲ್ಲೇ ಗೊತ್ತಾಯ್ತು," ಎಂದರು. "ನನಗೆ ಹಾಕೋ ಹಾಗಿದ್ರೆ, ಕೇಳಿದ ತಕ್ಷಣ ನಿಮಗೇ ರೀ ಅಂದುಬಿಡ್ತಿದ್ದೆ."

ನಾನು ತಲೆ ತಗ್ಗಿಸಿದೆ. ಹಾಗೇ ನಿಂತಿದ್ದಾಗ ಲೆಕ್ಕ ತಲೆಗೆ ಹೊಳೆಯಿತು. ಕಮಲಾಕ್ಷಿ ತನಗೆ ತಾನೇ ಹಾಕಿಕೊಂಡು, ಇವರೂ ತಮಗೆ ತಾವೇ ಹಾಕಿಕೊಂಡಿದ್ದರೆ ಮತ್ತೆ ಸರಿಸಮ ಆಗಬೇಕಿತ್ತು. ನನ್ನ ಓಟಿನಿಂದ ಒಂದೇ ಒಂದರ ವ್ಯತ್ಯಾಸ ಬರಬೇಕಿತ್ತು. ಬಂದದ್ದು ಮೂರು.

"ನೀವು ನಿಮಗೆ ಹಾಕ್ಕೊಳ್ಳಲಿಲ್ವಾ?"

ಅವರು ಅಂಗಿಯ ಮೇಲಿನ ಚೂರನ್ನು ಸರಿಮಾಡಿಕೊಂಡರು. "ಹಾಕ್ಕೊಳ್ಳೋಣ ಅಂತಾನೇ ಹೋದೆ ಕಣೇ. ಮುದ್ರೆ ಕೊಡೆ ಮೇಲೆ ತಂದೂ ಆಗಿತ್ತು. ಆಗ ಆ ಗೆರೆ ಕಣ್ಣಿಗೆ ಬಿತ್ತು. ನೀನು ಇಲ್ಲಿ ನಿಂತು ಎಷ್ಟು ಒದ್ದಾಡಿರ್ಬೇಕು ಅನ್ನಿಸ್ತು. ಈಗ ನೀನು ಮೊರಕ್ಕೆ ಹಾಕ್ತೀಯ, ನಾನು ಒಂದೇ ಓಟಲ್ಲಿ ಸೋಲ್ತೀನಿ. ನನ್ನ ಗಂಡನ್ನ ನಾನೇ ಸೋಲಿಸಿದೆ ಅಂತ ಸಾಯೋವರೆಗೂ ಕೊರಗ್ತೀಯ, ನಿನ್ನ ಬುದ್ಧಿ ನನಗೆ ಗೊತ್ತಿಲ್ವಾ? ಅದಕ್ಕೆ ನನ್ನದನ್ನೂ ಅಲ್ಲಿಗೇ ಹಾಕಿದೆ. ಈಗ ನಿನ್ನ ಓಟು ತೆಗೆದ್ರೂ ಅವಳೇ ಗೆಲ್ತಾಳೆ. ಸಾಲ್ದಾ?"

ಬೆಂಚಿನ ಮೇಲೆ ಅವರ ಪಕ್ಕ ಕೂತು ಜೋರಾಗಿ ಅತ್ತೆ. ರಸ್ತೆಯಲ್ಲಿ ಹೋಗುತ್ತಿದ್ದ ಹೋಳಿಗೆ ಬೋರಣ್ಣ, ಸೋತ ದುಃಖ ಎಂದುಕೊಂಡು ತಲೆಯಾಡಿಸಿ ಮುಂದೆ ಹೋದ.

"ಇಬ್ಬರ ಟಿಕೆಟ್ಟೂ ಹೋಯ್ತಲ್ರೀ," ಎಂದೆ ಮೂಗು ಒರೆಸಿಕೊಂಡು. "ನಾಳೆ ನಿಮಗೇನಾದ್ರೂ ಆದ್ರೆ ನಾನು ವಾಪಸ್ ಬರೋ ಹಾಗಿಲ್ಲ. ನನಗಾದ್ರೆ ನೀವು ಬರೋ ಹಾಗಿಲ್ಲ."

ಅವರು ಅದನ್ನು ಅಷ್ಟು ಹೊತ್ತು ಯೋಚಿಸಿರಲಿಲ್ಲವೆಂದು ಕಾಣುತ್ತದೆ. ಕತ್ತು ಕೆರೆದುಕೊಂಡರು. "ಹೌದಲ್ವಾ," ಎಂದರು. "ಇನ್ನು ಏನೇ ಮಾಡಿದ್ರೂ ಒಂದೇ ಸಲ."

ಮೆರವಣಿಗೆ ಮಾರ್ಕೆಟ್ಟಿನ ಮೂಲೆ ತಿರುಗಿ ನಮ್ಮ ಕಡೆಗೇ ಬರುತ್ತಿತ್ತು. ಮುಂದೆ ತಮಟೆ, ಹಿಂದೆ ಗಾಡಿಯ ಮೇಲೆ ಹಾರ ಹಾಕಿಕೊಂಡ ಕಮಲಾಕ್ಷಿ, ಅವಳ ಪಕ್ಕದಲ್ಲಿ ತಾನು ಬದುಕಿ ಉಳಿದ ಸಂಭ್ರಮಕ್ಕೆ ಯಾರ ಪಕ್ಷವೆಂದೂ ನೋಡದೆ ಹತ್ತಿ ಕೂತಿದ್ದ ನಮ್ಮ ಅತ್ತೆ. ಕಮಲಾಕ್ಷಿ ನಮ್ಮನ್ನು ನೋಡಿ ಎರಡೂ ಕೈ ಬೀಸಿ ಕರೆದಳು. ಯಜಮಾನರು ಎದ್ದರು. ನಮ್ಮ ಮದುವೆಯ ದಿಬ್ಬಣದಲ್ಲೂ ಕುಣಿಯದ ಮನುಷ್ಯ, ಸೋತ ದಿನ, ಬಿಳಿ ಅಂಗಿಯ ತೋಳು ಮಡಿಚಿಕೊಂಡು ತಮಟೆಯ ಮುಂದೆ ಇಳಿದರು. ಒಂದು ಹೆಜ್ಜೆಯೂ ತಾಳಕ್ಕೆ ಸರಿಯಾಗಿ ಬೀಳಲಿಲ್ಲ. ಜನ ಶಿಳ್ಳೆ ಹೊಡೆದರು, ನಕ್ಕರು. ನಾನು ನಗಲೂ ಇಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಇದನ್ನು ಇನ್ನೊಂದು ಸಲ ನೋಡಲು ನನಗೆ ಸಿಗುವುದಿಲ್ಲ ಎಂದುಕೊಂಡು, ಅವರು ಸುಸ್ತಾಗಿ ನಿಲ್ಲುವವರೆಗೂ ಕಣ್ತುಂಬ ನೋಡಿದೆ.